ಡೇರೆ ಎತ್ತಿದ ಜಾಗ

ಅವರು ನನಗೆ ಪರಿಚಯವಾದದ್ದು ಒಂದು ತಿದ್ದುಪಡಿಯಿಂದ. ದೋಹಾದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ನಾನು ಉಪಸಂಪಾದಕನಾಗಿದ್ದೆ. ಓದುಗರು ತೋರಿಸಿದ ತಪ್ಪುಗಳನ್ನು ಪರಿಶೀಲಿಸುವ ಕೆಲಸ ಬೇರೆ ಯಾರಿಗೂ ಬೇಡವಾಗಿದ್ದರಿಂದ ನನ್ನ ಪಾಲಿಗೆ ಬಂದಿತ್ತು. ಹೆಚ್ಚಿನವರು ಫೋನ್ ಮಾಡಿ ಬೈದು ಇಟ್ಟುಬಿಡುತ್ತಿದ್ದರು. ಇವರು ಖುದ್ದಾಗಿ ಬಂದರು.

ಐವತ್ತೈದು ದಾಟಿದ ತೆಳ್ಳಗಿನ ಮನುಷ್ಯ. ಇಸ್ತ್ರಿ ಹಾಕಿದ ಅರ್ಧ ತೋಳಿನ ಅಂಗಿ, ಸೊಂಟದಲ್ಲಿ ದೊಡ್ಡ ಕೀಲಿಗೊಂಚಲು, ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ನಮ್ಮದೇ ಪತ್ರಿಕೆ. ನನ್ನ ಕೊರಳಿನ ಗುರುತುಪಟ್ಟಿಯಲ್ಲಿದ್ದ ಹೆಸರನ್ನು ಓದಿ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಬಂದರು.

ಅದು ರಂಜಾನ್ ತಿಂಗಳು. ಹೋಟೆಲುಗಳು ಇಫ್ತಾರಿಗೆ ಹಾಕುವ ದೊಡ್ಡ ಡೇರೆಗಳ ಬಗ್ಗೆ ನಾವು ಅರ್ಧ ಪುಟದ ಲೇಖನ ಹಾಕಿದ್ದೆವು. ಯರ್ಟ್ ಎಂದರೆ ತುರ್ಕಿ ಭಾಷೆಯಲ್ಲಿ ಡೇರೆ ಎಂಬ ಒಂದು ಸಾಲು ಅದರಲ್ಲಿತ್ತು. ಅದರ ಕೆಳಗೆ ಅವರು ಕೆಂಪು ಗೆರೆ ಎಳೆದಿದ್ದರು.

"ಇದು ಡೇರೆ ಅಲ್ಲ ಮಾರಾಯ್ರೆ. ಡೇರೆಗೆ ಅವರು ಚಾದಿರ್ ಅಂತಾರೆ. ನಿಮ್ಮ ಯರ್ಟ್ ಅವರ ಬಾಯಲ್ಲಿ ಯುರ್ತ್. ಯುರ್ತ್ ಅಂದ್ರೆ ಜಾಗ."

"ಇಂಗ್ಲಿಷ್ ಡಿಕ್ಷನರಿಯಲ್ಲಿ ಡೇರೆ ಅಂತಲೇ ಉಂಟಲ್ಲ?"

"ಇರ್ಲಿ. ನೀವು ಇಂಗ್ಲಿಷಿನಲ್ಲಿ ಅಂತ ಬರ್ದಿಲ್ಲ. ತುರ್ಕಿಯಲ್ಲಿ ಅಂತ ಬರ್ದಿದ್ದೀರಿ."

ವಾರ ಕಳೆದು ಎರಡನೇ ಪುಟದ ಮೂಲೆಯಲ್ಲಿ ತಿದ್ದುಪಡಿ ಬಂತು. ಅದನ್ನು ಕತ್ತರಿಸಿ ಇಟ್ಟುಕೊಂಡರೆಂದು ಆಮೇಲೆ ತಿಳಿಯಿತು. ಧನ್ಯವಾದ ಮಾತ್ರ ಹೇಳಲಿಲ್ಲ. ತಪ್ಪು ಸರಿ ಮಾಡಿದವನಿಗೆ ಧನ್ಯವಾದ ಯಾಕೆ ಎಂಬುದು ಅವರ ಲೆಕ್ಕ.

ಬಿನ್ ಮಹಮೂದ್ ಬಡಾವಣೆಯಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಂದೇ ಓಣಿ ಇತ್ತು. ಶುಕ್ರವಾರ ಬೆಳಿಗ್ಗೆ ಅವರ ಕೋಣೆಯಲ್ಲಿ ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯುವುದು ರೂಢಿಯಾಯಿತು. ಮೂಲ್ಕಿ ಕಡೆಯವರು. ಊರಿನಲ್ಲಿ ಹತ್ತು ವರ್ಷ ಹಾಸ್ಟೆಲ್ ವಾರ್ಡನ್ ಆಗಿದ್ದವರು ಗಲ್ಫಿಗೆ ಬಂದು ತುರ್ಕಿಯ ಕಟ್ಟಡ ಕಂಪನಿಯೊಂದರಲ್ಲಿ ಕಾರ್ಮಿಕರ ವಸತಿಯನ್ನು ನೋಡಿಕೊಳ್ಳುತ್ತಿದ್ದರು. ಈ ಕೆಲಸಕ್ಕೆ ಇಲ್ಲಿ ಕ್ಯಾಂಪ್ ಬಾಸ್ ಎನ್ನುತ್ತಾರೆ. ಆ ಹೆಸರು ಅವರಿಗೆ ಹಿಡಿಸುತ್ತಿರಲಿಲ್ಲ. ನಮ್ಮವರೆಲ್ಲ ಮಾಸ್ಟ್ರು ಎಂದೇ ಕರೆಯುತ್ತಿದ್ದರು.

ತುರ್ಕಿ ಅವರಿಗೆ ಅಂಟಿದ್ದು ಆ ಕಂಪನಿಯ ಮುದಿ ಸರ್ವೇಯರ್ ಒಬ್ಬರಿಂದ. ಆತನ ಬಳಿ ಹಳೆಯ ತುರ್ಕಿ ಮಾತುಗಳ ದಪ್ಪ ನಿಘಂಟು ಇತ್ತು. ಮಧ್ಯಾಹ್ನ ಬಿಸಿಲಿಗೆ ಕೆಲಸ ನಿಂತಾಗ ಸೈಟ್ ಆಫೀಸಿನ ಏಸಿಯ ಕೆಳಗೆ ಕೂತು ಆತ ಓದಿ ಹೇಳುತ್ತಿದ್ದ, ಇವರು ಬರೆದುಕೊಳ್ಳುತ್ತಿದ್ದರು. ಬೇರೆಯವರು ಅಲ್ಲಿ ಕಲಿತದ್ದು ತುರ್ಕಿಯ ನಾಲ್ಕು ಬೈಗುಳ. ಇವರು ಒಂದೇ ಮಾತನ್ನು ಹಿಡಿದುಕೊಂಡು ವರ್ಷಗಟ್ಟಲೆ ಅದರ ಬೆನ್ನು ಹತ್ತಿದರು.

ಒಂಬೈನೂರು ವರ್ಷಕ್ಕೂ ಹಿಂದೆ ಬಾಗ್ದಾದಿನಲ್ಲಿ ಒಬ್ಬ ಪಂಡಿತ ತುರ್ಕರ ಮಾತುಗಳಿಗೆ ಅರಬ್ಬಿಯಲ್ಲಿ ಅರ್ಥ ಬರೆದಿಟ್ಟನಂತೆ. ಅಲ್ಲಿ ಯುರ್ತ್ ಎಂದರೆ ಜನ ಬಿಟ್ಟುಹೋದ ಬಿಡಾರದ ಗುರುತು. ಡೇರೆ ಕಿತ್ತು, ಕುರಿ ಹೊಡೆದುಕೊಂಡು ಹೋದ ಮೇಲೆ ನೆಲದಲ್ಲಿ ಉಳಿಯುವುದು. ಒಲೆಯ ಬೂದಿ, ಗೂಟದ ಕುಳಿ, ದುಂಡಗೆ ಒತ್ತಿಹೋದ ಹುಲ್ಲು. ಆಮೇಲಿನ ಕಾಲದಲ್ಲಿ ಅದು ವರ್ಷ ವರ್ಷ ತಿರುಗಿ ಬಂದು ಇಳಿಯುವ ಜಾಗವಾಯಿತು, ಒಂದು ಕುಲದ ಪಾಲಿನ ಹುಲ್ಲುಗಾವಲಾಯಿತು, ಗಡಿ ಕಾಯುವವನಿಗೆ ಸುಲ್ತಾನ ಬಿಟ್ಟುಕೊಟ್ಟ ಭೂಮಿಗೂ ಆ ಮಾತೇ ಬಂತು. ಈಗ ತಾಯ್ನಾಡಿಗೂ ಅದೇ, ವಿದ್ಯಾರ್ಥಿಗಳ ಹಾಸ್ಟೆಲಿಗೂ ಅದೇ.

"ಮತ್ತೆ ಡೇರೆ ಎಲ್ಲಿಂದ ಬಂತು?" ಎಂದು ಕೇಳಿದೆ.

"ರಷ್ಯದವರು ದೂರದಿಂದ ನೋಡಿದ್ರು. ಕಂಡದ್ದು ಡೇರೆ. ಅದಕ್ಕೇ ಆ ಹೆಸರು ಇಟ್ರು. ಅವರ ಕೈಯಿಂದ ಇಂಗ್ಲಿಷಿನವರಿಗೆ. ಒಳಗೆ ಕೂತವನಿಗೆ ಅದು ಜಾಗ, ಹೊರಗೆ ನಿಂತವನಿಗೆ ಡೇರೆ." ಚಹಾ ಒಂದು ಗುಟುಕು ಕುಡಿದು ಸೇರಿಸಿದರು, "ನಾನು ಊರಲ್ಲಿ ಹಾಸ್ಟೆಲಿನವ, ಇಲ್ಲಿ ಕ್ಯಾಂಪಿನವ. ಎರಡೂ ಅದೇ ಯುರ್ತ್ ನೋಡಿ. ಜನ್ಮ ಪೂರ್ತಿ ಒಂದೇ ಕೆಲಸ."

ಆ ಸರ್ವೇಯರ್ ಅವರನ್ನು ಯುರ್ತ್‌ಚಿ ಎಂದು ಕರೆಯುತ್ತಿದ್ದನಂತೆ. ಅಂದರೆ ದಂಡು ಹೊರಡುವ ಮೊದಲೇ ಮುಂದೆ ಹೋಗಿ ಯಾರ ಡೇರೆ ಎಲ್ಲಿ ಎಂದು ಜಾಗ ತೋರಿಸುತ್ತಿದ್ದ ಹಳೆಯ ಕಾಲದ ಅಧಿಕಾರಿ. ದೋಹಾದಲ್ಲೂ ಒಂದು ಕಾಲಕ್ಕೆ ತುರ್ಕರ ಕಾವಲುಪಡೆ ಇತ್ತು. ಆ ಪಡೆಗೂ ಜಾಗ ತೋರಿಸಿದವನೊಬ್ಬ ಇದ್ದಿರಬೇಕು, ಅವನ ಹೆಸರು ಎಲ್ಲೂ ಇಲ್ಲ ಎಂದು ಎರಡು ಮೂರು ಸಲ ಹೇಳಿದ್ದರು. ಅದು ದೂರುವ ಮಾತಾಗಿರಲಿಲ್ಲ. ದಾಖಲೆಯಲ್ಲಿ ಒಂದು ಹಾಳೆ ಕಡಿಮೆ ಇದೆ ಎಂಬಂಥ ಮಾತು.

ಅವರ ಕೆಲಸದ ರೀತಿಯನ್ನು ನೋಡಲು ಒಮ್ಮೆ ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪಿಗೆ ಹೋಗಿದ್ದೆ. ಸಾಲು ಸಾಲು ಕೋಣೆ, ಕೋಣೆಗೆ ಎಂಟು ಮಂದಿ, ಒಂದರ ಮೇಲೊಂದು ಮಂಚ. ಯಾವ ಕೋಣೆಯನ್ನು ಹೊಕ್ಕರೂ ಮೊದಲು ಕೀಲಿಯಿಂದ ಬಾಗಿಲ ಚೌಕಟ್ಟಿಗೆ ಎರಡು ಸಲ ತಟ್ಟುತ್ತಿದ್ದರು. ಎಲ್ಲರೂ ಕೆಲಸಕ್ಕೆ ಹೋಗಿ ಖಾಲಿಯಿದ್ದ ಕೋಣೆಗೂ ತಟ್ಟಿದರು. ಯಾಕೆಂದು ಕೇಳಿದರೆ, "ಅವರ ಮನೆ ಅಲ್ವಾ," ಎಂದರು. ಒಂದೇ ಊರಿನ ಇಬ್ಬರನ್ನು ಮೇಲೆ ಕೆಳಗೆ ಮಲಗಿಸುತ್ತಿರಲಿಲ್ಲ. ಊರಿನ ಜಗಳ ಮಂಚ ಹತ್ತುತ್ತದಂತೆ. ಯಾರಾದರೂ ಬಿಟ್ಟುಹೋದ ಮಂಚವನ್ನು ಅದೇ ದಿನ ಇನ್ನೊಬ್ಬನಿಗೆ ಕೊಡುತ್ತಿರಲಿಲ್ಲ. ಒಂದು ರಾತ್ರಿ ಖಾಲಿ ಇರಬೇಕು. ಸಿಬ್ಬಂದಿಯ ಲೆಕ್ಕ ನೋಡುವ ಪರ್ಸನಲ್ ಆಫೀಸಿನವರಿಗೆ ಇದು ತಲೆನೋವಾಗಿತ್ತು.

ಅವರ ಬಳಿ ಒಂದು ಉದ್ದನೆಯ ಪುಸ್ತಕವಿತ್ತು. ಯಾರು ರಜೆಗೆ ಹೋದರೂ, ಕೆಲಸ ಬಿಟ್ಟರೂ, ಆ ಮಂಚದ ಸುತ್ತ ಉಳಿದದ್ದೆಲ್ಲ ಅದರಲ್ಲಿ ದಾಖಲಾಗುತ್ತಿತ್ತು. ಮೊಳೆಯಲ್ಲಿ ಒಂದು ಅಂಗಿ. ಮಂಚದಡಿ ಚಪ್ಪಲಿ, ಒಂದರ ಪಟ್ಟಿ ಕಿತ್ತಿದೆ. ಗೋಡೆಯಲ್ಲಿ ಮಗುವಿನ ಫೋಟೋ, ಹಾಗೇ ಬಿಡಲಾಗಿದೆ. ಸುದ್ದಿಮನೆಯಲ್ಲಿ ಇಷ್ಟು ಕಟ್ಟುನಿಟ್ಟಾಗಿ ಬರೆಯುವ ವರದಿಗಾರ ನಮಗೆ ಸಿಕ್ಕಿರಲಿಲ್ಲ.

"ಬಿಟ್ಟುಹೋದ ಜಾಗ ಮೂರು ನಮೂನೆ," ಎಂದು ಅಂದು ವಿವರಿಸಿದರು. "ಓಡಿಹೋದವನ ಜಾಗದಲ್ಲಿ ಅವನಿಗೆ ಬೇಡದ್ದು ಮಾತ್ರ ಇರ್ತದೆ. ಮನೆಗೆ ಹೋದವನ ಜಾಗದಲ್ಲಿ ಬೇರೆಯವರಿಗೆ ಬೇಕಾದದ್ದು ಇರ್ತದೆ, ಬಕೆಟ್, ಹ್ಯಾಂಗರ್, ಅರ್ಧ ಸೋಪು. ವಾಪಸ್ ಬರುವವನ ಜಾಗದಲ್ಲಿ ಎಂತದಾದ್ರೂ ಕೆಲಸ ಅರ್ಧಕ್ಕೆ ನಿಂತಿರ್ತದೆ."

ಎಲ್ಲರಿಗೂ ಅವರು ಬೇಕಾದವರಾಗಿದ್ದರೆಂದಲ್ಲ. ಕೋಣೆಯಲ್ಲಿ ಬೀಡಿ ಸೇದಿದವನ ಹೆಸರನ್ನು ಮುಲಾಜಿಲ್ಲದೆ ಆಫೀಸಿಗೆ ಕಳಿಸುತ್ತಿದ್ದರು. ಊಟಕ್ಕೆ ಕರೆದವರ ಮನೆಯ ಸಾರಿನಲ್ಲಿ ಉಪ್ಪು ಹೆಚ್ಚಿದ್ದರೆ ಹೇಳದೆ ಏಳುತ್ತಿರಲಿಲ್ಲ. "ಮಾಸ್ಟ್ರು ಮನುಷ್ಯನನ್ನು ನೋಡುದಿಲ್ಲ, ಮಂಚ ನೋಡ್ತಾರೆ," ಎಂದು ಕ್ಯಾಂಪಿನ ಅಡುಗೆಯವನೊಬ್ಬ ನನ್ನೆದುರಿಗೇ ಚುಚ್ಚಿದ್ದ. ಅವರು ಕೇಳಿಸಿಕೊಂಡು, "ಮನುಷ್ಯ ಸುಳ್ಳು ಹೇಳ್ತಾನೆ, ಮಂಚ ಹೇಳುದಿಲ್ಲ. ನಿನ್ನ ಮಂಚದಡಿ ಎರಡು ಕಿಲೋ ಸಕ್ಕರೆ ಉಂಟು," ಎಂದಿದ್ದರು. ಅಡುಗೆಯವ ಒಳಗೆ ಹೋದ.

ಏಷ್ಯನ್ ಕ್ರೀಡಾಕೂಟಕ್ಕೆ ದೋಹಾ ಸಿದ್ಧವಾಗುತ್ತಿದ್ದ ವರ್ಷ ಅದು. ಎಲ್ಲ ಕಂಪನಿಗಳಿಗೂ ಆಳು ಸಾಲದ ಕಾಲ. ಹೆಚ್ಚು ಸಂಬಳದ ಆಸೆಗೆ ಕೆಲವರು ಕ್ಯಾಂಪಿನಿಂದ ಮಾಯವಾಗಿ ಬೇರೆಲ್ಲೋ ಕದ್ದು ಕೆಲಸ ಮಾಡುತ್ತಿದ್ದರು. ಅಂಥವರ ಮೇಲೆ ಕಂಪನಿಗಳು ಪೊಲೀಸರಿಗೆ ದೂರು ಕೊಟ್ಟು, ಪತ್ರಿಕೆಯಲ್ಲಿ ಫೋಟೋ ಸಹಿತ ಪ್ರಕಟಣೆ ಹಾಕಿಸುತ್ತಿದ್ದವು. ಈ ಚಿತ್ರದಲ್ಲಿರುವ ವ್ಯಕ್ತಿ ತಲೆಮರೆಸಿಕೊಂಡಿದ್ದಾನೆ, ಇವನೊಡನೆ ಯಾರೂ ವ್ಯವಹರಿಸಬಾರದು ಎಂದು. ನಮ್ಮ ಪತ್ರಿಕೆಯಲ್ಲೂ ದಿನಕ್ಕೆ ನಾಲ್ಕೈದು ಇಂಥವು ಬರುತ್ತಿದ್ದವು. ಒಮ್ಮೆ ಆ ಹೆಸರು ಬಿತ್ತೆಂದರೆ ಸಿಕ್ಕಿದ ದಿನ ಜೈಲು, ಆಮೇಲೆ ಗಡೀಪಾರು, ಮತ್ತೆ ಗಲ್ಫಿನ ಬಾಗಿಲು ಮುಚ್ಚಿತು.

ಚಳಿಗಾಲದ ಒಂದು ಸೋಮವಾರ ಮಧ್ಯಾಹ್ನ ಎರಡೂವರೆಗೆ ಅವರು ನಮ್ಮ ಕಚೇರಿಗೆ ಬಂದು, ಜಾಹೀರಾತು ಕೌಂಟರಿಗೆ ಹೋಗದೆ ಸ್ವಾಗತದ ಸೋಫಾದಲ್ಲಿ ಕೂತರು. ಮಡಿಲಲ್ಲಿ ಕಂದು ಲಕೋಟೆ ಇತ್ತು. ನನ್ನನ್ನು ಕರೆಸಿದರು.

"ವಾಸು ಅಂತ ಒಬ್ಬ ಬಡಗಿ. ಕಾರ್ಕಳ ಕಡೆಯ ಹುಡುಗ, ಮದುವೆಯಾಗಿ ಎರಡು ವರ್ಷ," ಎಂದರು. "ಶುಕ್ರವಾರ ಮಧ್ಯಾಹ್ನ ಪೇಟೆಗೆ, ಮುಶೈರಿಬ್‌ಗೆ ಹೋದವ ಬರ್ಲಿಲ್ಲ. ಮೂರು ದಿನ ಹಾಜರಿ ಇಲ್ಲದಿದ್ರೆ ಪ್ರಕಟಣೆ ಹಾಕ್ಬೇಕು ಅಂತ ರೂಲ್ಸು. ಇವತ್ತು ಪೇಪರಿಗೆ ಕೊಟ್ಟು ರಸೀದಿ ತಂದ್ರೆ, ನಾಳೆ ಪೊಲೀಸಿಗೆ ಕೊಡ್ತಾರೆ. ನನ್ನ ಕೈಯಲ್ಲೇ ಕಳಿಸಿದ್ದಾರೆ."

"ಓಡಿಹೋಗಿಲ್ಲ ಅಂತ ಹೇಗೆ ಹೇಳ್ತೀರಿ?"

"ಹೆಸರುಕಾಳು ನೆನೆಹಾಕಿದ್ದಾನೆ ಮಾರಾಯ್ರೆ. ಸ್ಟೀಲಿನ ಬೋಗುಣಿಯಲ್ಲಿ. ಮೊಳಕೆ ಇಷ್ಟುದ್ದ ಬಂದು ನಾರ್ತಾ ಉಂಟು. ಹೆಂಡತಿಗೆ ಬರೆದ ಕಾಗದ ಮುಗೀಲಿಲ್ಲ. ಹೊಸ ಬೂಟು ಅಲ್ಲೇ ಉಂಟು. ಅವ ವಾಪಸ್ ಬರುವವನೇ." ಲಕೋಟೆಯ ಅಂಚು ಸರಿಮಾಡಿ ಮುಂದುವರಿಸಿದರು, "ಒಂದು ಮಾತ್ರ ಸರಿ ಇಲ್ಲ. ಅವನ ಮೇಲಿನ ಮಂಚದವ ಸಿರಿಲ್ ಅಂತ, ಶಿರ್ವದವ, ರಜೆಯಲ್ಲಿ ಊರಿಗೆ ಹೋಗಿದ್ದಾನೆ. ಅವ ಹೋಗುವಾಗ ಮೊಳೆಯಲ್ಲಿ ಒಂದು ಜಾಕೆಟ್ ಬಿಟ್ಟಿದ್ದ, ಪುಸ್ತಕದಲ್ಲಿ ಉಂಟು. ಈಗ ಮೊಳೆ ಖಾಲಿ. ಪರ್ಸನಲಿನವರು ಅದನ್ನೇ ಹಿಡ್ಕೊಂಡಿದ್ದಾರೆ. ಜಾಕೆಟ್ ಕದ್ದು ಓಡಿದ ಅಂತ."

ನಾನು ಗೋಡೆ ಗಡಿಯಾರ ನೋಡಿದೆ. ಕೌಂಟರ್ ಮುಚ್ಚುವುದು ನಾಲ್ಕಕ್ಕೆ. ಜಾಹೀರಾತು ವಿಭಾಗದಲ್ಲಿ ನನ್ನ ಮಾತು ನಡೆಯುವುದಿಲ್ಲವೆಂದೂ ತಂದವರು ಕೊಟ್ಟರೆ ಅವರು ತೆಗೆದುಕೊಳ್ಳಲೇಬೇಕೆಂದೂ ಹೇಳಿದೆ.

"ಗೊತ್ತುಂಟು. ಕೊಡದೆ ವಾಪಸ್ ಹೋದ್ರೆ ನನ್ನ ಕೆಲಸ ಹೋಗ್ತದೆ. ಕೊಟ್ರೆ ಅವನದ್ದು ಬದುಕೇ ಹೋಗ್ತದೆ. ಅದಕ್ಕೇ ಸ್ವಲ್ಪ ಕೂತೆ."

ಸಿರಿಲ್ ಎಂಬ ಹೆಸರು ನನ್ನ ತಲೆಯಲ್ಲಿ ಎಲ್ಲೋ ಸಿಕ್ಕಿಕೊಂಡಿತ್ತು. ಒಳಗೆ ಹೋಗಿ ಶನಿವಾರದ ಸಂಚಿಕೆ ತೆಗೆದೆ. ಮೂರನೇ ಪುಟದ ಸಂಕ್ಷಿಪ್ತ ಸುದ್ದಿಗಳಲ್ಲಿ ಮೂರು ಸಾಲು. ಮುಶೈರಿಬ್‌ನಲ್ಲಿ ರಸ್ತೆ ದಾಟುತ್ತಿದ್ದ ಸಿರಿಲ್ ಎಂಬ ಭಾರತೀಯ ಕಾರ್ಮಿಕನಿಗೆ ಕಾರು ಡಿಕ್ಕಿ ಹೊಡೆದು ತಲೆಗೆ ಪೆಟ್ಟಾಗಿದೆ, ಆಸ್ಪತ್ರೆಯಲ್ಲಿದ್ದಾನೆ. ಆ ಸಾಲುಗಳನ್ನು ತಿದ್ದಿ ಪುಟಕ್ಕೆ ಬಿಟ್ಟವನು ನಾನೇ.

ಪತ್ರಿಕೆಯನ್ನು ಅವರೆದುರು ಹಿಡಿದೆ. ಅವರು ಓದಿದರು. ಇನ್ನೊಮ್ಮೆ ಓದಿದರು.

"ಸಿರಿಲ್ ಊರಲ್ಲಿದ್ದಾನೆ," ಎಂದರು. "ಏರ್‌ಪೋರ್ಟಿಗೆ ನಾನೇ ಬಿಟ್ಟು ಬಂದದ್ದು."

ಅವರ ಪಿಕಪ್ಪಿನಲ್ಲೇ ಆಸ್ಪತ್ರೆಗೆ ಹೋದೆವು. ವಾರ್ಡಿನ ಬಾಗಿಲಲ್ಲಿ ಕಾವಲಿನವನು ಕೈ ಅಡ್ಡ ಹಿಡಿದ. ಭೇಟಿಯ ಹೊತ್ತು ನಾಲ್ಕು ಗಂಟೆಗೆ, ಅದಕ್ಕೆ ಮೊದಲು ಮಾಫಿ, ಅಂದರೆ ಇಲ್ಲ. ಆಗ ಮೂರೂ ಇಪ್ಪತ್ತು.

ಒಳಗಿರುವುದು ವಾಸುವೇ ಎಂಬುದಕ್ಕೆ ನಮ್ಮ ಬಳಿ ಇದ್ದ ಆಧಾರ ಸಿರಿಲ್‌ನ ಜಾಕೆಟ್ ಇಲ್ಲದ ಒಂದು ಖಾಲಿ ಮೊಳೆ ಮಾತ್ರ. ಸಿರಿಲ್ ಎಂಬ ಹೆಸರಿನವರು ದೋಹಾದಲ್ಲಿ ನೂರಾರು ಮಂದಿ. ಸುದ್ದಿಮನೆಯಲ್ಲಾದರೆ ಇಷ್ಟರ ಮೇಲೆ ನಾನು ಒಂದು ಸಾಲನ್ನೂ ಹಾಕುತ್ತಿರಲಿಲ್ಲ. ಅದನ್ನು ಅವರಿಗೂ ಹೇಳಿದೆ. ಈಗ ಹೊರಟರೆ ಲಕೋಟೆ ಕೊಡಲು ಹೊತ್ತಿದೆ, ಬೇಕಾದರೆ ನಾನೇ ಒಯ್ಯುತ್ತೇನೆ ಎಂದೆ.

"ಬೇಡ. ನಾಲ್ಕು ಗಂಟೆಗೆ ಎರಡು ಬಾಗಿಲು, ಒಂದು ಮುಚ್ತದೆ, ಒಂದು ತೆಗೀತದೆ. ಎರಡೂ ಕಡೆ ನಿಲ್ಲಿಕ್ಕಾಗುದಿಲ್ಲ."

"ಕೌಂಟರಿಗೆ ಫೋನ್ ಮಾಡಿ ಹತ್ತು ನಿಮಿಷ ಕೇಳ್ಲಾ?"

"ಕೇಳ್ಬೇಡಿ."

ಬೆಂಚಿನ ಮೇಲೆ ಕೂತು ಲಕೋಟೆಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ನಲವತ್ತು ನಿಮಿಷ ಕೀಲಿಗೊಂಚಲಿನ ಒಂದೊಂದೇ ಕೀಲಿಯನ್ನು ಬೆರಳಿನಿಂದ ಎಣಿಸುತ್ತ ಇದ್ದರು. ಕೊನೆ ಮುಟ್ಟಿದಾಗ ಮತ್ತೆ ಮೊದಲಿನಿಂದ. ನಾಲ್ಕು ಹೊಡೆದು ಬಾಗಿಲು ತೆರೆದಾಗ, ಎದ್ದು ಮೊದಲು ಮಾಡಿದ ಕೆಲಸ ಕೀಲಿಯಿಂದ ಆ ಬಾಗಿಲ ಚೌಕಟ್ಟಿಗೆ ಎರಡು ಸಲ ತಟ್ಟಿದ್ದು.

ಮಲಯಾಳಿ ನರ್ಸ್ ಒಬ್ಬರು ಮೂಲೆಯ ಹಾಸಿಗೆಯ ಹತ್ತಿರ ಕರೆದೊಯ್ದರು. ತಲೆಗೆ ಕಟ್ಟು, ಒಂದು ಕಣ್ಣು ಊದಿತ್ತು. "ನಿನ್ನೆಯಿಂದ ಕಣ್ಣು ಬಿಡ್ತಾರೆ," ಎಂದು ಹಿಂದಿಯಲ್ಲಿ ಹೇಳಿದರು. "ಆದರೆ ಸಿರಿಲ್ ಅಂತ ಕರೆದರೆ ಈ ಕಡೆ ನೋಡುವುದೇ ಇಲ್ಲ. ಡಾಕ್ಟರು ತಲೆಯ ಪೆಟ್ಟಿನಿಂದ ಇರಬೇಕು ಅಂತಾರೆ."

ಮಾಸ್ಟ್ರು ಬಗ್ಗಿದರು. "ವಾಸು," ಎಂದರು.

ಆತ ತಲೆ ಹೊರಳಿಸಿದ. ಬಹಳ ಹೊತ್ತು ನೋಡಿದ. ತುಟಿ ಒಣಗಿತ್ತು.

"ಮಾಸ್ಟ್ರೇ," ಎಂದ. "ಹೆಸರುಕಾಳು ಹಾಳಾಯ್ತಾ?"

ಅವರು ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟರು. ಅಲ್ಲಿ ಕೂರಬಾರದೆಂದು ನರ್ಸ್ ಹೇಳಿದರೂ ಏಳಲಿಲ್ಲ. "ಹಾಳಾಯ್ತು," ಎಂದರು. "ನಾನೇ ಚೆಲ್ಲಿದೆ. ಬೋಗುಣಿ ತೊಳೆದಿಟ್ಟಿದ್ದೇನೆ."

ಆಮೇಲೆ ಎಲ್ಲ ಒಂದೊಂದಾಗಿ ಬಿಡಿಸಿಕೊಂಡಿತು. ವಾಸುವಿನ ಗುರುತಿನ ಚೀಟಿ ನವೀಕರಣಕ್ಕೆಂದು ಕಂಪನಿಯ ಆಫೀಸಿನಲ್ಲಿತ್ತು. ಚಳಿಗೆ ಬೇಕಾದರೆ ಹಾಕಿಕೋ ಎಂದು ಸಿರಿಲ್ ಹೇಳಿಹೋಗಿದ್ದ ಜಾಕೆಟನ್ನು ಆತ ಹಾಕಿಕೊಂಡಿದ್ದ. ಅದರ ಒಳಜೇಬಿನಲ್ಲಿ ಸಿರಿಲ್ ಮರೆತು ಬಿಟ್ಟ ಗೇಟ್ ಪಾಸು, ಒಗೆದು ಒಗೆದು ಫೋಟೋ ಅಳಿಸಿದ್ದು. ಆಸ್ಪತ್ರೆಯವರು ಕಂಪನಿಗೆ ಫೋನ್ ಮಾಡಿಯೂ ಇದ್ದರು. ಫೋನ್ ಎತ್ತಿದವನು ರಜೆಯ ಪಟ್ಟಿ ನೋಡಿ, ಆ ಹೆಸರಿನವ ಇಂಡಿಯಾದಲ್ಲಿದ್ದಾನೆ, ನಮ್ಮವನಲ್ಲ ಎಂದು ಇಟ್ಟಿದ್ದ. ಅವನ ಪಟ್ಟಿ ಸರಿಯಾಗಿಯೇ ಇತ್ತು. ನಮ್ಮ ವರದಿಗಾರ ಆಸ್ಪತ್ರೆಯ ದಾಖಲೆಯಲ್ಲಿ ಇದ್ದದ್ದನ್ನೇ ಬರೆದಿದ್ದ, ನಾನು ಅವನು ಬರೆದದ್ದನ್ನೇ ತಿದ್ದಿದ್ದೆ. ಪ್ರತಿಯೊಬ್ಬರೂ ಕೈಯಲ್ಲಿದ್ದ ಕಾಗದ ನೋಡಿ ನಿಯಮದಂತೆ ನಡೆದುಕೊಂಡಿದ್ದೆವು. ಮಂಚದ ಹತ್ತಿರ ಹೋಗಿ ನೋಡಿದವರು ಒಬ್ಬರೇ.

ಬುಧವಾರದ ಎರಡನೇ ಪುಟದಲ್ಲಿ ಎರಡು ಸಾಲಿನ ತಿದ್ದುಪಡಿ ಬಂತು. ಶನಿವಾರ ಪ್ರಕಟವಾದ ಅಪಘಾತದ ಸುದ್ದಿಯಲ್ಲಿ ಗಾಯಾಳುವಿನ ಹೆಸರು ತಪ್ಪಾಗಿತ್ತು ಎಂದು. ಅಷ್ಟು ಹಗುರ ಮನಸ್ಸಿನಿಂದ ನಾನು ಬೇರೆ ಯಾವ ತಿದ್ದುಪಡಿಯನ್ನೂ ಬರೆದಿಲ್ಲ.

ಅವರ ಕೆಲಸ ಉಳಿಯಿತು. ತುರ್ಕಿ ಮ್ಯಾನೇಜರ್ ಕರೆಸಿ, ಲಕೋಟೆ ಯಾಕೆ ಕೊಡಲಿಲ್ಲ ಎಂದು ಕೇಳಿದನಂತೆ. ಜಾಗ ನೋಡಿದೆ, ಆ ಜಾಗ ಓಡಿದವನದ್ದಲ್ಲ ಎಂದು ಇವರು ಹೇಳಿದರಂತೆ. ಮ್ಯಾನೇಜರ್ "ತಮಾಮ್" ಎಂದನಂತೆ. ಅಂದರೆ ಆಯಿತು, ಸರಿ. ಆದರೂ ಪರ್ಸನಲ್ ಆಫೀಸು ಆದೇಶ ಮೀರಿದ್ದಕ್ಕೆ ಎಚ್ಚರಿಕೆಯ ಪತ್ರ ಕೊಟ್ಟಿತು. ಅವರು ಅದನ್ನೂ ನನ್ನ ತಿದ್ದುಪಡಿಯನ್ನೂ ಉದ್ದನೆಯ ಪುಸ್ತಕದಲ್ಲಿ ಎದುರುಬದುರು ಅಂಟಿಸಿದರು. "ಎರಡೂ ಸರಿಯೇ ಅಲ್ವಾ," ಎಂದು ನನಗೆ ತೋರಿಸಿದರು. ಕೊಂಕಿನ ಮಾತಲ್ಲ ಅದು. ಆದೇಶ ಮೀರಿದ್ದು ನಿಜವೇ ಆಗಿತ್ತು.

ವಾಸು ಎರಡು ತಿಂಗಳಲ್ಲಿ ಎದ್ದು ಓಡಾಡಿದ. ಎತ್ತರಕ್ಕೆ ಹತ್ತುವ ಕೆಲಸ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಮಾಸ್ಟ್ರು ಆತನನ್ನು ಕ್ಯಾಂಪಿನ ಕೆಲಸಕ್ಕೆ ಕೇಳಿ ಪಡೆದರು. ದಿನವೂ ಬೈಯುತ್ತಿದ್ದರು. ಅಕ್ಷರ ಸರಿಯಿಲ್ಲ, ಮೊಳೆ ಎಣಿಸಲಿಲ್ಲ, ಮಂಚದಡಿ ಬಗ್ಗಿ ನೋಡಲಿಲ್ಲ. "ಒಂದು ಸಲ ಬದುಕಿಸಿದ್ದಕ್ಕೆ ದಿನಾ ಕೊಲ್ತಾರೆ ಸರ್," ಎಂದು ಆತ ನನ್ನ ಬಳಿ ನಗುತ್ತಿದ್ದ.

ಕಳೆದ ತಿಂಗಳು ಮಾಸ್ಟ್ರು ನಿವೃತ್ತರಾಗಿ ದೋಹಾ ಬಿಟ್ಟರು. ಮೂಲ್ಕಿಯಲ್ಲಿ ಹೆಂಡತಿ ಇದ್ದಾರೆ, ಹತ್ತಿರದಲ್ಲೇ ಮಗಳ ಮನೆ. ಹೊರಡುವ ಹಿಂದಿನ ಶುಕ್ರವಾರ ಚಹಾಕ್ಕೆ ಹೋದಾಗ, ಊರಿಗೆ ಹೋಗಿ ಏನು ಮಾಡುತ್ತೀರಿ ಎಂದು ಕೇಳಿದೆ. "ನೋಡ್ಬೇಕು. ಇಪ್ಪತ್ತೆರಡು ವರ್ಷ ಆಯ್ತು. ನನ್ನ ಜಾಗ ಅಲ್ಲಿ ಯಾವ ನಮೂನೆ ಉಂಟು ಅಂತ ಹೋದ ಮೇಲೆ ಗೊತ್ತಾಗ್ಬೇಕಷ್ಟೆ," ಎಂದರು. ಹೋದ ವಾರ ಫೋನ್ ಮಾಡಿದ್ದರು. ಅವರು ರಜೆಗೆ ಹೋದಾಗ ಅರ್ಧ ಬಿಡಿಸಿಟ್ಟು ಬಂದಿದ್ದ ಹಳೆಯ ರೇಡಿಯೋವನ್ನು ಹೆಂಡತಿ ತಿರುಪು ಸಮೇತ ಡಬ್ಬಿಯಲ್ಲಿ ಹಾಗೇ ಇಟ್ಟಿದ್ದಾರಂತೆ. ಇದನ್ನು ಹೇಳಿ, ಹವಾಮಾನ ಕೇಳಿ, ಫೋನ್ ಇಟ್ಟರು.

ಅವರನ್ನು ವಿಮಾನ ಹತ್ತಿಸಿ ಬಂದ ದಿನ ಮಧ್ಯಾಹ್ನ, ಬಿನ್ ಮಹಮೂದ್‌ನ ಕೋಣೆ ಒಪ್ಪಿಸಲು ವಾಸು ನನ್ನನ್ನೂ ಕರೆದ. ಕೀಲಿ ತೆಗೆದು ಒಳಗೆ ಕಾಲಿಡುವ ಮೊದಲು ಚೌಕಟ್ಟಿಗೆ ಎರಡು ಸಲ ತಟ್ಟಿದ. ಆಮೇಲೆ ಉದ್ದನೆಯ ಪುಸ್ತಕ ತೆರೆದು ಸುತ್ತ ನೋಡತೊಡಗಿದ. ಮೊಳೆಗಳನ್ನು ಎಣಿಸಿದ. ಮಂಚದಡಿ ಬಗ್ಗಿ ನೋಡಿದ. ಬಚ್ಚಲಿಗೂ ಹೋಗಿ ಬಂದ.

"ಬಕೆಟ್ ಒಂದು," ಎಂದು ಬರೆದುಕೊಂಡ. "ಹ್ಯಾಂಗರ್ ಐದು. ಚಹಾದ ಪಾತ್ರೆ, ತೊಳೆದದ್ದು. ಸೋಪು ಅರ್ಧ." ಪೆನ್ನು ಮುಚ್ಚಿ ನನ್ನ ಕಡೆ ತಿರುಗಿದ. "ಮನೆಗೇ ಹೋಗಿದ್ದಾರೆ ಸರ್."

ಕಟ್ಟಡದ ಕಾವಲುಗಾರ ಮೆಟ್ಟಿಲ ಬಳಿ ಕಾಯುತ್ತಿದ್ದ. ಸಂಜೆಗೇ ಹೊಸ ಬಾಡಿಗೆಯವರು ಬರುವವರಿದ್ದರು. ಆತ ಕೀಲಿಗೆ ಕೈ ಚಾಚಿದ.

ವಾಸು ಅದನ್ನು ಜೇಬಿಗೆ ಹಾಕಿಕೊಂಡ. "ನಾಳೆ ಕೊಡ್ತೇನೆ," ಎಂದ. "ಇವತ್ತೊಂದು ರಾತ್ರಿ ಇರ್ಲಿ."